ತಿಳಿಸ್ತೀವಿ, ಹೋಗಿ ಬನ್ನಿ

ಡಬ್ಬಿ ಬಿಚ್ಚಿ ಹುಡುಗೀರಾ, ಊಟ ಮಾಡ್ತಾ ಕೇಳಿ. ಗಂಟೆ ಹೊಡೆಯೋಕೆ ಇನ್ನೂ ಹೊತ್ತಿದೆ. ನಗೋ ಕಡೆ ನಗಿ, ಬೇಡ ಅನ್ನಲ್ಲ. ಕೊನೇಲಿ ಮಾತ್ರ ನಗು ಬಂದ್ರೆ ತಡ್ಕೊಳ್ಳಿ.

ನೀವು ಈ ಗಾರ್ಮೆಂಟ್ಸಿಗೆ ಬರೋ ಮುಂಚೆ, ಅಗೋ ಆ ಕಿಟಕಿ ಪಕ್ಕದ ಮೇಜಲ್ಲಿ ಮುದ್ದಕ್ಕ ಅಂತ ಒಬ್ಬಳಿದ್ಲು. ಹೊಲಿದ ಅಂಗೀಲಿ ಉಳಿದ ದಾರ ಕತ್ತರಿಸೋ ಕೆಲಸ, ಹತ್ತೊಂಬತ್ತು ವರ್ಷ. ಗಂಡ ಇಲ್ಲ. ಇದ್ದೋನು ಒಬ್ಬನೇ ಮಗ, ಗವಿರಂಗ, ನಮಗೆಲ್ಲ ರಂಗ. ಆಳು ಬೆಳೆದಿದ್ದ, ಬುದ್ಧಿ ಬೆಳೆದಿರಲಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಹಾಲು ಉಕ್ಕೋ ತನಕ ಒಲೆ ಮುಂದೆ ಕೂತಿರು ಅಂದ್ರೆ, ಉಕ್ಕಿದ ತಕ್ಷಣ ಎದ್ದು ಹೋಗೋನು!

ಮುದ್ದಕ್ಕನ ಕಣ್ಣಿಗೆ ಪೊರೆ ಬಂತು. ತೆಗೆಸೋಕೆ ರಜ ಕೇಳಿದ್ರೆ ಕೆಲಸಾನೇ ಹೋಗ್ತದೆ ಅಂತ ಭಯ. ಸೂಪರ್‌ವೈಜರ್ ಆಗಲೇ ಎರಡು ಸಲ ಬಂದು, "ಮುದ್ದಕ್ಕ, ದಾರ ಉಳೀತಾ ಇದಾವೆ" ಅಂತ ಹೇಳಿ ಹೋಗಿದ್ದ. ಅವತ್ತಿಂದ ಅವಳದು ಒಂದೇ ಜಪ. "ನನ್ನ ಕಣ್ಣಲ್ಲಿ ಬೆಳಕಿರೋವಾಗ್ಲೇ ಇವನಿಗೊಂದು ಕೆಲಸ ಆಗಬೇಕು ಕಣೇ. ಆಮೇಲೆ ನಮ್ಮಿಬ್ಬರನ್ನ ಯಾರು ನೋಡ್ತಾರೆ?"

ನಮ್ಮ ಕಾಲದಲ್ಲಿ ಏನಿತ್ತು? ಬೆಳಿಗ್ಗೆ ಗೇಟಿನ ಮುಂದೆ ನಿಂತ್ರೆ ಮೇಸ್ತ್ರಿ ಕೈ ನೋಡಿ ಒಳಗೆ ಕರೀತಿದ್ದ. ಈಗ ಮೊದಲು ಫೋನಲ್ಲಿ ಅರ್ಜಿ, ಆಮೇಲೆ ಇಂಟರ್‌ವ್ಯೂ. ಮೂಟೆ ಹೊರೋಕೂ ಇಂಟರ್‌ವ್ಯೂ ಕಣ್ರೇ! ಮುದ್ದಕ್ಕ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿ, "ಏನು ಕೇಳಿದ್ರೂ ನಿಜ ಹೇಳಪ್ಪ" ಅಂತ ಬಿಸ್ಕತ್ತು ಫ್ಯಾಕ್ಟರಿಗೆ ಕಳಿಸಿದ್ಲು.

"ನಮ್ಮ ಕಂಪನಿಗೇ ಯಾಕೆ ಬಂದೆ?" ಅಂತ ಕೇಳಿದ್ರು ಅಲ್ಲಿ.

"ಬಸ್ಸು ಇಲ್ಲೇ ನಿಲ್ತದೆ ಸಾರ್!"

"ಇನ್ನೈದು ವರ್ಷಕ್ಕೆ ಎಲ್ಲಿರ್ತೀಯ?"

"ಅವ್ವ ಕುರುಡಿ ಆಗಿರ್ತಾಳೆ ಸಾರ್. ಅವಳ ಪಕ್ಕದಲ್ಲಿರ್ತೀನಿ!"

"ಸರಿ, ತಿಳಿಸ್ತೀವಿ, ಹೋಗಿ ಬನ್ನಿ" ಅಂದ್ರು. ಬಂದ. ಹದಿನೈದು ದಿನ ಆದ್ರೂ ಯಾರೂ ಏನೂ ತಿಳಿಸಲಿಲ್ಲ.

ಮುದ್ದಕ್ಕ ತಲೆ ಚಚ್ಕೊಂಡ್ಲು. "ಅಯ್ಯೋ ಪೆದ್ದೇ! ಮನೆ ಮಾತು ಅಲ್ಲಿ ಆಡ್ತಾರೇನೋ? ಕಂಪನೀಲಿ ಮನೆ ಮಾತು ಬೇಡ. ಅವ್ವ ಅನ್ನೋ ಮಾತೂ ಎತ್ತಬೇಡ!"

"ಆಯ್ತವ್ವ, ಎತ್ತಲ್ಲ."

ಎರಡನೇ ಸಲ ಪಾರ್ಸಲ್ ಗೋಡೌನಿಗೆ ಹೋದ. ಮೇಜಿನ ಹಿಂದಿದ್ದ ಹುಡುಗಿ ನಗ್ತಾನೇ ಕೇಳಿದ್ಲು, "ಅಪ್ಪನ ಹೆಸರೇನು?"

"ಮನೆ ಮಾತು ಹೇಳಂಗಿಲ್ಲ ಮೇಡಂ."

"ಅಡ್ರೆಸ್ಸು?"

"ಅದು ಪೂರ್ತಿ ಮನೆ ಮಾತೇ ಮೇಡಂ!"

"ಮನೇಲಿ ಯಾರ್ಯಾರಿದ್ದೀರಿ?"

ರಂಗ ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡ. ಆ ಹುಡುಗಿಯ ನಗು ನಿಂತೋಯ್ತು. "ತಿಳಿಸ್ತೀವಿ, ಹೋಗಿ ಬನ್ನಿ."

ಮತ್ತೆ ಬೈಗುಳ. ಅಷ್ಟರಲ್ಲಿ ನಮ್ಮ ಲೈನಿನ ಹುಡುಗೀರು ಮುದ್ದಕ್ಕನಿಗೆ ಒಂದು ಬುದ್ಧಿ ಹೇಳಿದ್ರು. ಈಗ ಕಾಲ ಬದಲಾಗಿದೆ ಅಕ್ಕ, ತಲೆ ಬಗ್ಗಿಸಿ ಕೂತೋರಿಗೆ ಕೆಲಸ ಇಲ್ಲ, ನಾವೂ ಅವರನ್ನ ಕೇಳಬೇಕು ಅಂದ್ರು. ಅವರು ಹೇಳಿದ್ದು ರಜ ಎಷ್ಟು, ಪಾಳಿ ಯಾವುದು, ಪಿಎಫ್ ಹಿಡೀತಾರಾ ಅಂತ ಕೇಳೋಕೆ. ಮುದ್ದಕ್ಕ ಮನೆಗೆ ಹೋಗಿ, "ಈ ಸಲ ಅವರು ಕೇಳೋ ಮುಂಚೆ ನೀನೇ ಕೇಳ್ಬಿಡೋ" ಅಂದ್ಲು, ಅಷ್ಟೇ.

ಮೂರನೇದು ಪೈಪು ಮಾಡೋ ಕಂಪನಿ. ಅಲ್ಲಿ ಕೆಲಸಕ್ಕೆ ಜನ ತಗೊಳ್ಳೋ ಮ್ಯಾನೇಜರು ನಡುವಯಸ್ಸಿನೋರು. ರಂಗ ಕುರ್ಚಿ ಎಳೆದು ಕೂತ.

"ನಿಮ್ಮ ಹೆಸರೇನು?"

"ಚನ್ನಕೇಶವ" ಅಂದ್ಬಿಟ್ರು ಅವರು, ಬೆಪ್ಪಾಗಿ.

"ಅನುಭವ ಎಷ್ಟು?"

"ಇಪ್ಪತ್ತೆರಡು ವರ್ಷ."

"ಹಿಂದಿನ ಕೆಲಸ ಯಾಕೆ ಬಿಟ್ರಿ?"

"ನಾನು ಬಿಡಲಿಲ್ಲಪ್ಪ, ಬಿಡಿಸಿದ್ರು" ಅಂದ್ರು.

"ಸರಿ. ತಿಳಿಸ್ತೀವಿ, ಹೋಗಿ ಬನ್ನಿ!" ಅಂತ ರಂಗ ಎದ್ದ.

ಚನ್ನಕೇಶವ ನಕ್ರು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳೋ ಹಂಗೆ ನಕ್ರು. "ಇವನನ್ನ ಗೇಟಿಗೆ ಹಾಕ್ರೋ. ಪ್ರಶ್ನೆ ಕೇಳೋಕೆ ಬರ್ತದೆ!" ಅಂದ್ರು. "ನೋಡಪ್ಪ, ಕೆಲಸ ಕೇಳ್ಕೊಂಡು ಬಂದೋರನ್ನ ಹಿಂಗೇ ಕೇಳಿ ಪುಸ್ತಕದಲ್ಲಿ ಬರ್ಕೋ. ನಮ್ಮೋರು ತಮ್ಮೋರು ಅಂತ ಯಾರನ್ನೂ ಒಳಗೆ ಬಿಡಬೇಡ. ಕರೆದ್ರೂ ಬರಲ್ಲ ಈಗಿನೋರು, ಕೆಲಸದ ಮೇಲೆ ಆಸೇನೇ ಇಲ್ಲ."

ಕೆಲಸ ಸಿಕ್ತು! ಮುದ್ದಕ್ಕ ನಮಗೆಲ್ಲ ಬೆಲ್ಲ ಹಂಚಿದ್ಲು. ಆ ಕಿಟಕಿ ಪಕ್ಕದ ಮೇಜಿನ ಮೇಲೇ ತಲೆ ಇಟ್ಟು ಅತ್ಲು ಕೂಡ. ಆದ್ರೆ ತಾಯಿ ಬಾಯಿ ಸುಮ್ಮನಿರುತ್ತಾ? ಯಾರೋ ಕಂಪನಿ ವಿಷಯ ಊರೆಲ್ಲ ಹೇಳಿ ಕೆಲಸ ಕಳ್ಕೊಂಡಿದ್ರಂತೆ. "ಮಗಾ, ಮನೆ ಮಾತು ಕಂಪನೀಲಿ ಬೇಡ. ಕಂಪನಿ ಮಾತು ಮನೇಲೂ ಬೇಡ. ನನ್ನ ಹತ್ರಾನೂ ಆಡಬೇಡ" ಅಂದ್ಲು.

"ಆಯ್ತವ್ವ, ಆಡಲ್ಲ."

ಎರಡು ತಿಂಗಳಿಗೆ ಮೂರನೇ ಸಲ ದಾರ ಉಳೀತು. ಮುದ್ದಕ್ಕನ್ನ ಬಿಡಿಸಿದ್ರು. ಹತ್ತೊಂಬತ್ತು ವರ್ಷ ಹಿಡಿದ ಕತ್ತರಿ ಮೇಜಿನ ಮೇಲಿಟ್ಟು ಹೋದ್ಲು. ನಾವು ತಲೆ ಎತ್ತಲಿಲ್ಲ. ಎತ್ತಿದ್ರೆ ನಮ್ಮದೂ ಹೋಗ್ತಿತ್ತು ಅಂತ ಹೆದರಿದ್ವಿ. ಈಗ ನಾಚಿಕೆ ಆಗ್ತದೆ.

ಮಗನ ಮೇಲೆ ಭಾರ ಹಾಕಿ ಕೂರೋಳಲ್ಲ ಅವಳು. ಹಳೇ ಕಾಲದ ಹಂಗೆ ಗೇಟು ಗೇಟಿಗೆ ಹೋಗಿ ನಿಂತ್ಲು. ಅವಳ ಕೈ ಯಾರೂ ನೋಡಲಿಲ್ಲ, ಕಣ್ಣನ್ನೇ ನೋಡಿದ್ರು. ಕೊನೆಗೆ ಪೈಪು ಕಂಪನಿ ಕ್ಯಾಂಟೀನಿಗೆ ಕಾಳು ಬಿಡಿಸೋಕೆ, ಸೊಪ್ಪು ಸೋಸೋಕೆ ಹೆಂಗಸರು ಬೇಕಂತೆ ಅಂತ ಕೇಳಿ ಅಲ್ಲಿಗೂ ಹೋದ್ಲು. ಅವರೇಕಾಯಿ ಬಿಡಿಸೋಕೆ ಕಣ್ಣು ಯಾಕೆ, ಬೆರಳು ಸಾಕು! ಗೇಟಲ್ಲಿ ಮಗನೇ ಇದ್ದಾನಲ್ಲ ಅಂತ ಧೈರ್ಯ ಬೇರೆ.

"ಹೆಸರೇನು?" ಅಂದ ರಂಗ.

"ನಾನು ಕಣೋ! ನಿಮ್ಮವ್ವ!"

"ಇಲ್ಲಿ ಮನೆ ಮಾತು ಬೇಡ ಅಮ್ಮಾ. ಹೆಸರೇನು?"

ಮುದ್ದಕ್ಕ ಬೈಯೋದಾದ್ರೂ ಹೆಂಗೆ? ಅವಳೇ ಹೇಳಿಕೊಟ್ಟ ಪಾಠ ಅಲ್ವಾ?

"ಮುದ್ದಕ್ಕ."

"ಅನುಭವ ಎಷ್ಟು?"

"ಹತ್ತೊಂಬತ್ತು ವರ್ಷ."

"ಹಿಂದಿನ ಕೆಲಸ ಯಾಕೆ ಬಿಟ್ರಿ?"

"ಬಿಡಿಸಿದ್ರು ಕಣಪ್ಪ."

"ಇನ್ನೈದು ವರ್ಷಕ್ಕೆ ಎಲ್ಲಿರ್ತೀರಿ?"

"ಅದನ್ನ ನಿನ್ನೇ ಕೇಳಬೇಕು" ಅಂದ್ಲು ಮುದ್ದಕ್ಕ. ರಂಗ ಅದನ್ನೂ ಹಂಗೇ ಬರ್ಕೊಂಡ.

"ಸರಿ ಅಮ್ಮಾ. ತಿಳಿಸ್ತೀವಿ, ಹೋಗಿ ಬನ್ನಿ."

ಹೋದ್ಲು, ಕಾಂಪೌಂಡಿನ ಗೋಡೆ ಹಿಡ್ಕೊಂಡು. ಮಧ್ಯಾಹ್ನ ಚನ್ನಕೇಶವ ಪುಸ್ತಕ ನೋಡಿದ್ರು. "ಹತ್ತೊಂಬತ್ತು ವರ್ಷ ಒಂದೇ ಕಡೆ! ಇಂಥೋರು ಈಗೆಲ್ಲಿ ಸಿಗ್ತಾರೆ? ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರೋಕೆ ಹೇಳಪ್ಪ ಆಯಮ್ಮಂಗೆ" ಅಂದ್ರು.

"ಆಯ್ತು ಸಾರ್."

ರಂಗ ಸಂಜೆ ಪಾಳಿ ಮುಗಿಯೋ ತನಕ ಗೇಟಲ್ಲಿ ರಸ್ತೆ ನೋಡ್ತಾ ನಿಂತ, ಆಯಮ್ಮ ಮತ್ತೆ ಆ ಕಡೆ ಬಂದ್ರೆ ಹೇಳೋಣ ಅಂತ. ಬರಲಿಲ್ಲ. ಮನೆಗೆ ಹೋದ. ಅವ್ವ ತಡವರಿಸ್ತಾ ಮುದ್ದೆ ಬಡಿಸಿದ್ಲು.

"ಏನಾದ್ರೂ ಹೇಳಿದ್ರೇನೋ, ನಿಮ್ಮ ಸಾಹೇಬ್ರು?"

"ಕಂಪನಿ ಮಾತು ಮನೇಲಿ ಬೇಡ ಅವ್ವ."

ಇನ್ನೂ ಏನೂ ತೀರ್ಮಾನ ಆಗಿಲ್ಲ, ಆದಾಗ ಅವರೇ ತಿಳಿಸ್ತಾರೆ ಅನ್ಕೊಂಡ್ಲು ಮುದ್ದಕ್ಕ. ಮತ್ತೆ ಕೇಳಲಿಲ್ಲ.

ಮಾರನೇ ದಿನ ಹತ್ತಾಯ್ತು, ಹನ್ನೊಂದಾಯ್ತು. ಚನ್ನಕೇಶವ ಗೇಟಿಗೇ ಬಂದ್ರು. "ಎಲ್ಲಪ್ಪ ಆಯಮ್ಮ?"

"ಬರಲಿಲ್ಲ ಸಾರ್" ಅಂದ ರಂಗ, ಬೇಜಾರಲ್ಲಿ. "ಈಗಿನೋರಿಗೆ ಕೆಲಸದ ಮೇಲೆ ಆಸೇನೇ ಇಲ್ಲ ಸಾರ್."

ಅವರು ಹೆಸರು ಹೊಡೆದು ಹಾಕಿದ್ರು. ಆ ಕೆಲಸ ಇನ್ಯಾರಿಗೋ ಹೋಯ್ತು.

ಇದೆಲ್ಲ ನಿನಗೆ ಹೆಂಗೆ ಗೊತ್ತು ಅಂತೀರಾ? ವಾರ ಆದ್ಮೇಲೆ ರಂಗ ದಾರೀಲಿ ಸಿಕ್ಕಿ ಎಲ್ಲ ಹೇಳಿದ. ದಾರಿ ಅಂದ್ರೆ ಮನೇನೂ ಅಲ್ಲ, ಕಂಪನೀನೂ ಅಲ್ಲವಲ್ಲ! ಅವನನ್ನ ಕರ್ಕೊಂಡು ಮನೆಗೆ ಓಡಿದೆ. ಮುದ್ದಕ್ಕ ಮಿಂದು, ಒಗೆದ ಸೀರೆ ಉಟ್ಟು, ಹೊಸ್ತಿಲ ಮೇಲೆ ಕೂತಿದ್ಲು. ಮಗನ ಹೆಜ್ಜೆ ಕೇಳಿ ಮುಖ ಎತ್ತಿದ್ಲು.

"ಯಾಕವ್ವ ಹೊರಗೆ ಕೂತಿದ್ದೀಯ?" ಅಂದ ರಂಗ.

"ತಿಳಿಸ್ತೀವಿ ಅಂದಿದ್ದೀರಲ್ಲಪ್ಪ. ಕಾಯ್ತಾ ಇದ್ದೀನಿ."