ಮಾಸ್ತರರು ರೊಟ್ಟಿ ಕಲಿತದ್ದು

ಅಡವಯ್ಯಜ್ಜನವರ ಮಠ ದೊಡ್ಡದಲ್ಲ. ಕೊಪ್ಪಳದ ಕಡೆಯ ಒಂದು ಸಣ್ಣ ಪೇಟೆ, ಅದರ ಹಿಂದಿನ ಓಣಿ, ಓಣಿಯ ಕೊನೆಗೆ ತಗಡಿನ ಚಪ್ಪರ. ಗದ್ದುಗೆಯ ಕೋಣೆಯೊಂದೇ ಕಲ್ಲಿನದು. ಪೂಜ್ಯ ಅಜ್ಜನವರು ಚಾಪೆಯ ಮೇಲೆ ಮಲಗುತ್ತಿದ್ದರು. ಮಾತು ಕಡಿಮೆ. ಕೇಳಿದವರಿಗೆ ಅರ್ಧ ಮಾತು, ಕೇಳದವರಿಗೆ ಅದೂ ಇಲ್ಲ.

ಒಂದು ವರ್ಷ ಭಕ್ತರು ಮಹಾದ್ವಾರ ಕಟ್ಟಿಸುತ್ತೇವೆಂದು ಇಟ್ಟಿಗೆ ತಂದು ಹಾಕಿದರು. ಅಜ್ಜನವರು ಆ ಇಟ್ಟಿಗೆಯಿಂದ ಬನ್ನು ಬೇಯಿಸುವ ಭಟ್ಟಿ ಕಟ್ಟಿಸಿದರು. ಭಕ್ತರು ಕಕ್ಕಾಬಿಕ್ಕಿಯಾದರು. ಕಂಡವರ ಮನೆಯ ಮುಸುರೆ ತಿಕ್ಕುವ ಓಣಿಯ ಹೆಂಗಸರು ಇಲ್ಲಿ ಕೆಲಸ ಕಲಿಯಲಿ, ಕೂಡಿ ಬೇಯಿಸಲಿ, ಕೂಡಿ ಮಾರಲಿ ಎಂದಷ್ಟೇ ಪೂಜ್ಯರ ಅಪ್ಪಣೆಯಾಯಿತು. ದ್ವಾರವಿಲ್ಲದ ಮಠ ಇಂದಿಗೂ ಹಾಗೆಯೇ ಇದೆ.

ಕಲಿಸಲು ಬಂದವರು ದಾವಲಸಾಹೇಬರು. ಹುಬ್ಬಳ್ಳಿಯ ಬೇಕರಿಗಳಲ್ಲಿ ನಲವತ್ತು ವರ್ಷ ಭಟ್ಟಿಯ ಮುಂದೆ ನಿಂತು ಹುಬ್ಬು ಸುಟ್ಟುಕೊಂಡವರು. ಎಲ್ಲರೂ ಮಾಸ್ತರರೆಂದೇ ಕರೆಯುತ್ತಿದ್ದರು. ಅಜ್ಜನವರ ಮೇಲೆ ಗೌರವವಿತ್ತು. ಹೆಂಗಸರು ಭಟ್ಟಿ ಕಲಿಯುತ್ತಾರೆಂಬ ನಂಬಿಕೆ ಇರಲಿಲ್ಲ. ಅದಕ್ಕೇ ಬರುವಾಗ ಒಂದು ಗೋಡೆ ಗಡಿಯಾರ ತಂದರು. ಹಿಟ್ಟು ನಾದಲು ಇಷ್ಟು ನಿಮಿಷ, ಉಬ್ಬಲು ಇಷ್ಟು, ಭಟ್ಟಿಯೊಳಗೆ ಹದಿನೆಂಟು ನಿಮಿಷ. ಮುಳ್ಳು ನೋಡಿ ಕೆಲಸ ಮಾಡಿದರೆ ತಪ್ಪಾಗದು ಎಂದು ಅವರ ಲೆಕ್ಕ.

ಆರು ಹೆಂಗಸರು ಬಂದರು. ಐವರು ಕಲಿತರು. ಗಿರಿಯವ್ವ ಎಂಬಾಕೆ ಕಲಿಯಲಿಲ್ಲ.

ಆಕೆ ಗಂಡ ಸತ್ತವಳು. ಪ್ರತಿ ವರ್ಷ ಊರು ಬಿಟ್ಟು ದೂರದ ಇಟ್ಟಿಗೆ ಭಟ್ಟಿಗೆ ಗುಳೆ ಹೋಗುತ್ತಿದ್ದಳು. ಈ ವರ್ಷವೂ ಬರುವ ಸೋಮವಾರ ಕೂಲಿಯವರ ಲಾರಿ ಹೊರಡುವುದಿತ್ತು. ಏಳನೆಯ ಇಯತ್ತೆಯಲ್ಲಿದ್ದ ಮಗಳು ಕಸ್ತೂರಿಯನ್ನು ಶಾಲೆ ಬಿಡಿಸಿ ಕರೆದೊಯ್ಯಬೇಕು, ಇಲ್ಲವೇ ಇಲ್ಲಿ ಕೆಲಸ ಸಿಗಬೇಕು. ಶನಿವಾರ ತನ್ನ ಕೈಯಿಂದ ಒಂದು ಭಟ್ಟಿ ಬನ್ನು ಸರಿಯಾಗಿ ತೆಗೆದವರಿಗೆ ಮಾತ್ರ ಮಠದ ಕೆಲಸ. ಇದು ಮಾಸ್ತರರೇ ಇಟ್ಟ ಕಟ್ಟಳೆ.

ಗಿರಿಯವ್ವ ಹಿಟ್ಟು ಚೆನ್ನಾಗಿ ನಾದುತ್ತಿದ್ದಳು. ಬನ್ನು ಒಂದೇ ಅಳತೆಗೆ ಕಟ್ಟುತ್ತಿದ್ದಳು. ಭಟ್ಟಿಯ ಬಾಯಿಗೆ ತಗಡು ಮುಚ್ಚಿದ ಮೇಲೆ ಮಾತ್ರ ಕೆಡುತ್ತಿತ್ತು. ಐದು ನಿಮಿಷಕ್ಕೊಮ್ಮೆ ತಗಡು ಸರಿಸಿ ಇಣುಕುತ್ತಿದ್ದಳು. ಬಿಸಿ ಹೊರಗೆ ಹೋಗುತ್ತಿತ್ತು, ಉಬ್ಬುತ್ತಿದ್ದ ಬನ್ನು ಕೂತುಬಿಡುತ್ತಿತ್ತು.

“ಯಾಕ ತೆಗದಿ?” ಎಂದರು ಮಾಸ್ತರರು.

“ನೋಡಾಕ್ರಿ.”

“ಏನ್ ನೋಡಾಕ?”

“ಬೆಂದೈತೇನಂತ.”

“ನೀ ಹಿಂಗ ನೋಡಕೋಂತ ಕುಂತ್ರ ಅದು ಬೇಯಂಗಿಲ್ಲ.”

“ಗಿರಿಯವ್ವ ಬನ್ನಿಗೆ ದೃಷ್ಟಿ ಹಾಕ್ತಾಳ್ರಿ ಮಾಸ್ತರ. ಒಂದು ನಿಂಬಿಹಣ್ಣು ಕಟ್ರಿ ಭಟ್ಟಿಗೆ,” ಎಂದಳು ಪಕ್ಕದವಳು. ಎಲ್ಲರೂ ನಕ್ಕರು. ಗಿರಿಯವ್ವನೂ ನಕ್ಕಳು. ಆಮೇಲೆ ನೀರು ತರುವ ನೆವದಿಂದ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ನಾಲ್ಕು ಸಲ ಹೀಗಾಯಿತು. ಬುಧವಾರ ಮುಂಜಾನೆ ಮಾಸ್ತರರು ಪೂಜ್ಯರ ಮುಂದೆ ಹೋಗಿ ನಿಂತರು.

“ಅಜ್ಜಾ, ಐದು ಮಂದಿ ಕಲಿತ್ರು. ಆ ಗಿರಿಯವ್ವಗ ಬರಂಗಿಲ್ಲ. ಸುಮ್ಮನ ಆಸೆ ಹಚ್ಚೂದು ಬ್ಯಾಡ. ಲಾರಿಗೆ ಹೋಗಂತ ಇವತ್ತ ಹೇಳಿಬಿಡ್ತೀನ್ರಿ.”

ಅಜ್ಜನವರು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಹಚ್ಚಿಕೊಂಡು ಮುಗಿಸಿದರು. ಬಟ್ಟಲು ಮುಚ್ಚಿದರು.

“ಮಾಸ್ತರ, ನಿಮಗ ಜ್ವಾಳದ ರೊಟ್ಟಿ ಬಡ್ಯಾಕ ಬರತೈತೇನು?”

“ಇಲ್ರಿ.”

“ಹಂಗಾದ್ರ ಶುಕ್ರವಾರದ ತನಕ ಆಕೀ ಹತ್ರ ಕಲೀರಿ.”

ಮಾಸ್ತರರು ಕಾದರು. ಪೂಜ್ಯರು ಎದ್ದು ಒಳಗೆ ಹೋದರು.

ಚಪ್ಪರದ ತನಕ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಮಾಸ್ತರರು ಮೂರು ಸಲ ನಿಂತರು. ತಾನು ಕೇಳಿದ್ದೇನು, ಅಜ್ಜನವರು ಹೇಳಿದ್ದೇನು? ತನ್ನನ್ನು ಹಂಗಿಸಿದರೋ? ವಯಸ್ಸಾಗಿ ಮಾತು ತಪ್ಪಿತೋ? ಶನಿವಾರಕ್ಕೆ ಮೂರು ದಿನ ಉಳಿದಿರುವಾಗ ರೊಟ್ಟಿಯೇಕೆ? ಆದರೆ ಅಪ್ಪಣೆ ಅಪ್ಪಣೆಯೇ.

ಗಿರಿಯವ್ವನಿಗೆ ಇನ್ನಷ್ಟು ಗಲಿಬಿಲಿ. “ನಾ ನಿಮಗ ಕಲಿಸೂದೇನ್ರಿ? ನನಗ ಬನ್ನು ಯಾರು ಕಲಿಸ್ತಾರ ಮತ್ತ?”

“ನನಗೇನ್ ಗೊತ್ತು? ಅಜ್ಜಾರನ್ನ ಕೇಳು.”

ಅಜ್ಜನವರನ್ನು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಮಾಸ್ತರರು ಪರಾತದಲ್ಲಿ ಜೋಳದ ಹಿಟ್ಟು ಸುರಿದು, ಮೈದಾಕ್ಕೆ ಹಾಕುವಂತೆ ತಣ್ಣೀರು ಹಾಕಿ ನಾದಿದರು. ನಲವತ್ತು ವರ್ಷದ ಕೈ. ಉಂಡೆ ಚಂದ ಬಂತು. ಬಡಿದರೆ ನಾಲ್ಕು ಕಡೆ ಸೀಳಿತು. ಮತ್ತೆ ನಾದಿದರು. ಮತ್ತೆ ಸೀಳಿತು.

“ಎಸರು ಬೇಕ್ರಿ ಇದಕ. ಕುದಿಯೂ ನೀರು,” ಎಂದಳು ಗಿರಿಯವ್ವ. “ಜ್ವಾಳ ಮೈದಾದಂಗ ಜಗ್ಗಂಗಿಲ್ಲ.”

“ಮೊದಲ ಹೇಳಬಾರದೇನು?”

“ನೀವು ಮಾಸ್ತರು. ಹೆಂಗ ಹೇಳ್ಲಿ?”

ಎಸರಿನಲ್ಲಿ ಬೆರಳು ಸುಟ್ಟುಕೊಂಡರು. ಗುರುವಾರವೂ ರೊಟ್ಟಿ ಹಂಚಿಗೆ ಹಾಕುವಾಗ ಎರಡು ತುಂಡು. ಐವರು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು. ಮಾಸ್ತರರಿಗೆ ಸಿಟ್ಟು ಬಂತು, ಆಮೇಲೆ ನಾಚಿಕೆ ಬಂತು. ನೋಡುವವರಿದ್ದರೆ ಕೈ ಹೇಗೆ ತಪ್ಪುತ್ತದೆಂಬುದು ಅವರಿಗೆ ಮರೆತೇಹೋಗಿತ್ತು. ಆ ಮುರುಕು ರೊಟ್ಟಿಯನ್ನು ಅಜ್ಜನವರ ತಟ್ಟೆಗೆ ಬಡಿಸಿದರು. ಪೂಜ್ಯರು ಚೂರೂ ಬಿಡದೆ ಊಟ ಮಾಡಿದರು.

ಶುಕ್ರವಾರ ಒಂದು ರೊಟ್ಟಿ ಒಡೆಯದೆ ಹಂಚು ಮುಟ್ಟಿತು. ಮಾಸ್ತರರು ಅದರ ಮೇಲೆ ನೀರು ಸವರಿ, ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ದಿಟ್ಟಿಸುತ್ತಿದ್ದರು. ಗಿರಿಯವ್ವ ಆಚೆ ಬಚ್ಚಲಲ್ಲಿ ತಗಡಿನ ಟ್ರೇ ತಿಕ್ಕುತ್ತಿದ್ದಳು. ಬೆನ್ನು ಈ ಕಡೆ.

“ತಿರುವ್ರಿ ಮಾಸ್ತರ. ತಳ ಹತ್ತಾಕತ್ತೈತಿ.”

ತಿರುವಿದರು. ಕಪ್ಪಾಗುವುದು ಸ್ವಲ್ಪದರಲ್ಲಿ ತಪ್ಪಿತ್ತು.

“ನಿನಗ ಹೆಂಗ ಕಾಣ್ತು?”

“ಕಾಣೂದೇನೈತ್ರಿ? ವಾಸನಿ ಬಂತು.”

ಮಾಸ್ತರರು ಕೈಯಲ್ಲಿನ ಬಟ್ಟೆ ಕೆಳಗಿಟ್ಟರು. “ಬನ್ನಿನ ವಾಸನಿ ಬರಂಗಿಲ್ಲೇನು ನಿನಗ?”

“ಬರತೈತ್ರಿ.”

“ಮತ್ತ ತಗಡು ಯಾಕ ತೆಗೀತಿ?”

ಗಿರಿಯವ್ವ ಟ್ರೇ ತಿಕ್ಕುವುದನ್ನು ನಿಲ್ಲಿಸಿದಳು. ತಿರುಗಲಿಲ್ಲ.

“ಮೂಗು ಇನ್ನೂ ಆಗಿಲ್ಲ ಅಂತೈತಿ. ನೀವು ಮುಳ್ಳು ನೋಡು ಅಂದೀರಿ. ನನಗ ಆ ಮುಳ್ಳು ತಿಳಿಯಂಗಿಲ್ಲ. ಯಾವುದು ಖರೆ ಅಂತ ತೆಗೆದು ನೋಡ್ತೀನ್ರಿ.”

ಆರು ಹೆಂಗಸರಲ್ಲಿ ಗಡಿಯಾರ ನೋಡಲು ಬಾರದವಳು ಆಕೆಯೊಬ್ಬಳೇ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಮಾಸ್ತರರು ಗೋಡೆಯ ಗಡಿಯಾರದ ಕಡೆ ನೋಡಿದರು. ಹುಬ್ಬಳ್ಳಿಯ ಭಟ್ಟಿಯ ಮುಂದೆ ನಲವತ್ತು ವರ್ಷದಲ್ಲಿ ತಾವು ಒಂದು ದಿನವಾದರೂ ಗಡಿಯಾರ ನೋಡಿದ್ದುಂಟೇ? ತಮಗೆ ಕೆಲಸ ಕಲಿಸಿದ ಉಸ್ತಾದರು ವಾಸನೆ ಹಿಡಿಯುವುದನ್ನೇ ಕಲಿಸಿದ್ದರು. ತಾವು ನೆಚ್ಚಿದ್ದು ಮೂಗನ್ನು, ಇವರಿಗೆ ತಂದುಕೊಟ್ಟದ್ದು ಮುಳ್ಳನ್ನು. ಹಾಗೇಕೆ ಮಾಡಿದೆನೆಂದು ಕೇಳಿಕೊಂಡರೆ ಉತ್ತರ ಗೊತ್ತಿತ್ತು. ಅದು ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಶನಿವಾರ ಗಿರಿಯವ್ವ ಭಟ್ಟಿಗೆ ಬನ್ನು ಇಟ್ಟು ತಗಡು ಮುಚ್ಚಿದಳು. ಅಜ್ಜನವರೂ ಬಂದು ಕಂಬಕ್ಕೆ ಒರಗಿ ಕೂತರು. ಮಾಸ್ತರರು ಆಕೆಯನ್ನು ಭಟ್ಟಿಗೆ ಬೆನ್ನು ಮಾಡಿ ಕೂಡಿಸಿದರು.

“ಮುಳ್ಳು ಬ್ಯಾಡ. ಆದಾಗ ಹೇಳು.”

ಗಿರಿಯವ್ವ ಕಣ್ಣು ಮುಚ್ಚಿದಳು. ದೃಷ್ಟಿಯ ಮಾತಾಡಿದವಳೂ ಕೆಲಸ ಬಿಟ್ಟು ಹತ್ತಿರ ಬಂದಳು. ಎರಡು ಸಲ ಆಕೆಯ ಕೈ ಹಿಂದಕ್ಕೆ ತಗಡಿನ ಕಡೆ ಹೋಯಿತು, ಎರಡು ಸಲವೂ ತೊಡೆಯ ಮೇಲೆ ಬಂತು.

“ಈಗ,” ಎಂದಳು.

ಗಡಿಯಾರದಲ್ಲಿ ಹದಿನೈದೇ ನಿಮಿಷವಾಗಿತ್ತು. ಮೂರು ನಿಮಿಷ ಮೊದಲು ತೆಗೆದರೆ ಬನ್ನು ಹಸಿಯಾದೀತು, ಸೋಮವಾರ ಈಕೆ ಲಾರಿ ಹತ್ತಿಯಾಳು. ಮಾಸ್ತರರ ನಾಲಿಗೆ ತುದಿಗೆ ‘ತಡಿ’ ಎಂಬ ಮಾತು ಬಂದಿತ್ತು. ಅಜ್ಜನವರ ಕಡೆ ನೋಡಿದರು. ಪೂಜ್ಯರು ಎತ್ತಲೋ ನೋಡುತ್ತಿದ್ದರು. ಮಾಸ್ತರರು ಮಾತು ನುಂಗಿ ತಗಡು ಸರಿಸಿದರು.

ಟ್ರೇ ಹೊರಗೆ ಬಂತು. ಬನ್ನು ಉಬ್ಬಿತ್ತು, ಮೇಲೆ ಬೆಲ್ಲದ ಬಣ್ಣ. ಒಂದನ್ನು ಮುರಿದು ಬೆರಳು ಒತ್ತಿ ನೋಡಿದರು. ಹದವಾಗಿ ಬೆಂದಿತ್ತು. ಅಂದು ಕಟ್ಟಿಗೆ ಒಣಗಿತ್ತು, ಭಟ್ಟಿ ಎಂದಿಗಿಂತ ಕಾದಿತ್ತು. ಹದಿನೆಂಟು ನಿಮಿಷ ಬಿಟ್ಟಿದ್ದರೆ ಕರಕಲಾಗುತ್ತಿತ್ತು. ಅದು ಗಡಿಯಾರಕ್ಕೆ ಗೊತ್ತಿರಲಿಲ್ಲ.

ಗಿರಿಯವ್ವ ಇನ್ನೂ ಕಣ್ಣು ತೆರೆದಿರಲಿಲ್ಲ. “ಏನಾತ್ರಿ?” ಎಂದಳು.

“ಸೋಮವಾರ ಮುಂಜಾನೆ ಆರಕ್ಕ ಬಾ. ಕೆಲಸಕ್ಕ.”

ಉಳಿದವರು ಆಕೆಯನ್ನು ಸುತ್ತುಗಟ್ಟಿದ ಮೇಲೆ ಮಾಸ್ತರರು ಪೂಜ್ಯರ ಬಳಿ ಕುಳಿತರು. “ಅಜ್ಜಾ, ಆಕೀಗ ಗಡಿಯಾರ ಬರಂಗಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?”

“ನನಗೆಲ್ಲಿ ಗೊತ್ತು?” ಎಂದರು ಅಜ್ಜನವರು. “ಆಕೀಗ ಏನರೆ ಬರತಿರಬೇಕು ಅಂತ ಇಷ್ಟ ಗೊತ್ತಿತ್ತು.”

ಮಾಸ್ತರರು ಪೂಜ್ಯರ ಪಾದ ಮುಟ್ಟಿದರು. ಮೂರು ದಿನದಿಂದ ತಲೆಯೊಳಗೆ ಸುತ್ತುತ್ತಿದ್ದ ‘ರೊಟ್ಟಿಯೇಕೆ’ ಎಂಬ ಪ್ರಶ್ನೆ ಆಗಲೂ ಪೂರಾ ನಿಲ್ಲಲಿಲ್ಲ ಎಂದು ಅವರೇ ಮುಂದೆ ಹೇಳುತ್ತಿದ್ದರು.

ಸೋಮವಾರ ಲಾರಿ ಬಂದು ಹೋಯಿತು. ಕಸ್ತೂರಿ ಶಾಲೆಗೆ ಹೋದಳು.

ಆರು ತಿಂಗಳ ಮೇಲೆ ಕಲಿಯಲು ಒಂಬತ್ತು ಹೊಸ ಹೆಂಗಸರು ಬಂದರು. ಹೆದರಿ ಗೋಡೆಗೆ ಅಂಟಿ ನಿಂತಿದ್ದರು. ಸಿಡುಕನೆಂದು ಪೇಟೆಗೆಲ್ಲ ಹೆಸರಾಗಿದ್ದ ದಾವಲಸಾಹೇಬರು ಮೊದಲನೆಯಾಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

“ಯವ್ವಾ, ನಿನಗ ಏನ್ ಅಡಗಿ ಚಲೋ ಬರತೈತಿ? ಮೊದಲ ಅದನ್ನ ನನಗ ಕಲಿಸು.”

ಆಕೆ ಏನೂ ತಿಳಿಯದೆ ಪಕ್ಕದವಳ ಮುಖ ನೋಡಿದಳು. ಮಾಸ್ತರರು ತೋಳು ಮಡಚಿ ಕಾದರು.