ಖಾಲಿ ಕೋವಿಯ ಹುಲಿ

"ಈ ಸಲ ಒಂದಕ್ಷರವೂ ಸುಳ್ಳಿಲ್ಲ ಕಣೇ. ನೀನು ಲೊಚಗುಟ್ಟಿದ್ರೇನೇ ಪಕ್ಕದ ಹೊಸ ಕೋವಿ ನನ್ನ ಮಾತು ನಂಬೋದು," ಅಂತ ಗೋಡೆಯ ಮೇಲಿನ ಮುದಿ ಕೋವಿ ಹಲ್ಲಿಯ ಮುಂದೆ ಆಣೆ ಇಟ್ಟಿತು.

"ಆಗೆಲ್ಲ ಈ ಮನೆಯ ಮುತ್ತವ್ವ ದಿನಾ ನನ್ನ ಇಳಿಸಿ, ತೋಟಾ ಇಲ್ಲ ಅಂತ ಬೆರಳು ಹಾಕಿ ನೋಡಿ, ಮಣ್ಣುದಿಬ್ಬದ ಕಡೆ ಹಿಡಿಯೋಳು. ಕೈ ಅಲುಗದೆ ಗುರಿ ಹಿಡಿಯೋದು ಕಲಿಯೋಕೆ ನಳಿಗೆ ಮೇಲೆ ನಾಲ್ಕಾಣೆ ಇಟ್ಟು, ಉಸಿರು ಹಿಡಿದು, ಮೆಲ್ಲಗೆ ಟ್ರಿಗರ್ ಒತ್ತೋಳು. ನಾನು ಟಿಕ್ ಅನ್ನುತ್ತಿದ್ದೆ, ನಾಣ್ಯ ಅಲುಗ್ತಿರಲಿಲ್ಲ. ಅವಳ ಕೆನ್ನೆಯ ಬಿಸಿ ಇನ್ನೂ ನನ್ನ ಮೈಯಲ್ಲಿದೆ."

ಹಲ್ಲಿ ಲೊಚಗುಟ್ಟಿತು. ಕೋವಿಗೆ ಹುರುಪು ಬಂತು.

"ಒಂದಿನ ಹಾಗೇ ಹಿಡಿದು ನಿಂತಿದ್ದಾಗ ದಿಬ್ಬದ ಮೇಲೆ ಹುಲಿ ಬಂತು. ಅವಳು ಒತ್ತಿದ್ಲು, ನಾನು ಢಂ ಅಂದೆ, ಹುಲಿ ಉರುಳಿತು. ನಾಲ್ಕಾಣೆ ಇದ್ದಲ್ಲೇ ಇತ್ತು."

ಕೋವಿ ಕಾದೇ ಕಾಯಿತು. ಹಲ್ಲಿ ಲೊಚಗುಟ್ಟಲಿಲ್ಲ.

"ಅಜ್ಜ, ತೋಟಾ ಎಲ್ಲಿಂದ ಬಂತು? ಹುಲಿಯೇ ತಂದಿತ್ತಾ?" ಅಂತ ಹೊಸ ಕೋವಿ ಕೇಳಿತು.