ಹೊಸ ಡಬ್ಬಿ, ಸವೆದ ಬೆಲ್ಟು

"ಗುರುಗಳೇ, ನೀವು ಹೇಳಿಕೊಟ್ಟದ್ದನ್ನೆಲ್ಲ ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಆದರೂ ಭಯ ಹೋಗುತ್ತಿಲ್ಲ. ಆಪತ್ತಿನ ಹೊತ್ತಿಗೆ ಅದು ಕೈಕೊಟ್ಟರೆ ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

"ಭಯವಾಗುತ್ತಿದೆಯೇ? ಸದ್ಯ, ಅಷ್ಟಾದರೂ ಆಯಿತಲ್ಲ. ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಬಾವಿ ತೋಡುವವರಿಗೆ ನೀರೆತ್ತುವ ಪಂಪುಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಪಂಪು ತಿರುಗಿಸುವ ಬೆಲ್ಟು ಸವೆದರೆ ಬೇಕಾಗುತ್ತದೆಂದು ಹೊಸ ಬೆಲ್ಟುಗಳನ್ನು ರಟ್ಟಿನ ಡಬ್ಬಿ ಸಮೇತ ಗೋದಾಮಿನ ಹಲಗೆಯ ಮೇಲೆ ಜೋಡಿಸಿಟ್ಟಿದ್ದ. ಬಾಡಿಗೆಗೆ ಹೋದ ಪಂಪು ಮರಳಿ ಬಂದಾಗ ಮೆಕ್ಯಾನಿಕ್ ಸವೆದ ಬೆಲ್ಟು ಬಿಚ್ಚಿ ಹೊಸದನ್ನು ಹಾಕುತ್ತಿದ್ದ.

"ಹಳೇದನ್ನ ಎಸೀಲಾ ಸಾವ್ಕಾರ್ರೆ?"

"ಎಸೀಬೇಡಪ್ಪ. ಇನ್ನೂ ಸ್ವಲ್ಪ ದಿನ ಬರುತ್ತೆ. ಆ ಡಬ್ಬೀಲೇ ಹಾಕಿಡು."

ಸವೆದದ್ದು ಹೊಸದರ ಡಬ್ಬಿಗೆ ಹೋಯಿತು, ಡಬ್ಬಿ ಮತ್ತೆ ಹಲಗೆಗೆ ಹೋಯಿತು. ಆ ಕಸುಬಿನವರೆಲ್ಲ ಹಾಗೆಯೇ, ಏನನ್ನೂ ಎಸೆಯಲು ಕೈ ಬಾರದು. ಅಮಾವಾಸ್ಯೆಗೊಮ್ಮೆ ವ್ಯಾಪಾರಿ ಗೋದಾಮಿಗೆ ಊದುಬತ್ತಿ ಬೆಳಗಿ, ತುಂಬಿದ ಹಲಗೆ ನೋಡಿ ನೆಮ್ಮದಿಯಿಂದ ಕೈಮುಗಿಯುತ್ತಿದ್ದ. ಡಬ್ಬಿ ಕಡಿಮೆಯಾಗದ ಮೇಲೆ ಹೊಸ ಬೆಲ್ಟು ತರಿಸುವ ಮಾತೇ ಬರಲಿಲ್ಲ.

ಒಂದು ದಿನ, ಗೋದಾಮಿನಿಂದ ಕೂಗಳತೆ ದೂರದ ಬಾವಿಯಲ್ಲಿ ಬಂಡೆ ಉರುಳಿ, ತೋಡುತ್ತಿದ್ದವನ ಕಾಲು ಅದರಡಿ ಸಿಕ್ಕಿಕೊಂಡಿತು. ಪಕ್ಕದಲ್ಲೇ ಸೆಲೆ ಒಡೆಯಿತು. ಪಂಪು ಓಡುತ್ತಿದ್ದಷ್ಟು ಹೊತ್ತು ನೀರು ಅವನ ಸೊಂಟದ ಮೇಲೆ ಏರಲಿಲ್ಲ. ಜೊತೆಗಾರರು ಹಾರೆ ಹಾಕಿ ಬಂಡೆ ಮೀಟುತ್ತಿದ್ದರು. ಅಷ್ಟರಲ್ಲಿ ಬೆಲ್ಟು ತುಂಡಾಯಿತು.

ಉಳಿದ ಪಂಪುಗಳೆಲ್ಲ ಬಾಡಿಗೆಗೆ ಹೋಗಿದ್ದವು. ಕೂಗು ಕೇಳಿದ ವ್ಯಾಪಾರಿ ಗೋದಾಮಿನಿಂದ ತೋಳು ತುಂಬ ಡಬ್ಬಿ ಹೊತ್ತು ಓಡಿಬಂದ. ಮೊದಲನೆಯದನ್ನು ತೆರೆದ. ಬಿರುಕು ಬಿಟ್ಟ ಬೆಲ್ಟು. ಹಾಕಿದರು, ನಾಲ್ಕು ಸುತ್ತು ತಿರುಗಿ ಹರಿಯಿತು. ಇನ್ನೊಂದನ್ನು ತೆರೆದ. ಅದೂ ಹಾಗೆಯೇ. ಮುಂದಿನ ಡಬ್ಬಿ ಕೈಯಲ್ಲಿದ್ದರೂ ತೆರೆಯಲು ಧೈರ್ಯ ಬರಲಿಲ್ಲ. ನೀರು ಎದೆಗೆ ಬಂತು, ಗದ್ದಕ್ಕೆ ಬಂತು.

ಸಿಕ್ಕಿಕೊಂಡವನ ಹೆಂಡತಿ ಬಾವಿಯ ದಂಡೆಯಿಂದ ಕೂಗಿದಳು: "ಅಣ್ಣಾ, ಅಷ್ಟೊಂದು ಡಬ್ಬಿ ಐತಲ್ಲ, ಒಂದಾದ್ರೂ ನೆಟ್ಟಗಿರೋದು ಇಲ್ವಾ?"

ಯಾವುದರಲ್ಲಿ ಏನಿದೆಯೆಂದು ವ್ಯಾಪಾರಿಗೇ ಗೊತ್ತಿರಲಿಲ್ಲ. ಬಂಡೆ ಸರಿಯುವ ಹೊತ್ತಿಗೆ ಕೆಳಗಿದ್ದವನ ಉಸಿರು ನಿಂತಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ಎಂಥ ಮೂರ್ಖ! ಮುಂಚೆಯೇ ಒಂದು ಸಲ ತೆರೆದು ನೋಡಬಾರದಿತ್ತೇ?" ಎಂದ ಶಿಷ್ಯ.

"ನೀನು ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕಡೆಯ ಸಲ ತೆರೆದು ನೋಡಿದ್ದು ಯಾವಾಗ?" ಎಂದರು ಗುರುಗಳು.